ಮನೆಯಲ್ಲಿ ಹೇಳದೆ ಮಾಡಿಸಿಕೊಳ್ಳುವ ಸರ್ಜರಿ

ಪತ್ರ: ನನಗೆ 26 ವರ್ಷ. ಎತ್ತರ 5 ಅಡಿ 2 ಇಂಚು, ತೂಕ 56 ಕೆಜಿ. ಇನ್ನು ಮೂರು ತಿಂಗಳಿಗೆ ಮದುವೆ. ಹೆಣ್ಣು ನೋಡಲು ಬಂದ ದಿನ ಭಾವೀ ಅತ್ತೆ, “ಎಲ್ಲ ಚೆನ್ನಾಗಿದೆ, ಹೊಟ್ಟೆ ಒಂದು ಸ್ವಲ್ಪ ಕರಗಿಸ್ಕೊಳಮ್ಮ” ಅಂದರು. ನಳಿಕೆ ಹಾಕಿ ಕೊಬ್ಬು ಎಳೆದು ತೆಗೆಯುವ ಲೈಪೋಸಕ್ಷನ್ ಬಗ್ಗೆ ಒಂದು ಕ್ಲಿನಿಕ್‌ನಲ್ಲಿ ವಿಚಾರಿಸಿದೆ. ಬೆಳಗ್ಗೆ ಬಂದರೆ ಸಂಜೆ ಮನೆಗೆ ಹೋಗಬಹುದಂತೆ. ಮುಂದೆ ಶುಗರ್ ಕೂಡ ಬರಲ್ಲವಂತೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ಮಾಡಿಸಿಕೊಳ್ಳಬಹುದಾ?
– ಓದುಗಿ, ಹಾಸನ

ಸಂಪಾದಕರ ಉತ್ತರ:

ಪ್ರೀತಿಯ ತಂಗಿ, ಇಷ್ಟು ಬಿಚ್ಚುಮನಸ್ಸಿನಿಂದ ಬರೆದಿದ್ದೀರಿ, ಸಂತೋಷ. ಆದರೆ “ಮನೆಯಲ್ಲಿ ಇನ್ನೂ ಹೇಳಿಲ್ಲ” ಅನ್ನುವ ಸಾಲು ಓದಿ ನಿಮ್ಮ ಮೇಲೆ ಸಿಟ್ಟೇ ಬಂತು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಸುವ ಸರ್ಜರಿಗೆ ಹೋಗಿ ತೀರಿಕೊಂಡರು. ವಯಸ್ಸು ಬರೀ 21. ಹೆತ್ತವರಿಗೆ ಹೇಳದೆ ಹೋಗಿದ್ದರು ಎಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು.

ಈ ಸರ್ಜರಿಯೇ ಬೇಡ ಅಂತ ನಾನು ಹೇಳಲಾರೆ. ಲಿಪಿಡೀಮಾ, ಅಂದರೆ ಕಾಲುಗಳಲ್ಲಿ ಕೊಬ್ಬು ವಿಪರೀತ ತುಂಬಿಕೊಳ್ಳುವ ಕಾಯಿಲೆಯಿಂದ ನೋವು ತಿನ್ನುವವರಿದ್ದಾರೆ. ಅವರಿಗೆ ಇಂಥ ಸರ್ಜರಿಯಿಂದ ಉಪಕಾರ ಉಂಟು. ನೀವು 56 ಕೆಜಿ ಇದ್ದೀರಮ್ಮ!

ನನ್ನ ಚಿಕ್ಕಮ್ಮನ ಮಗಳೊಬ್ಬಳು ಮಾಡಿಸಿಕೊಂಡಿದ್ದಳು. ಅವಳೂ ಸಂಜೆಗೇ ಮನೆಗೆ ಬಂದಳು. ಮಾರನೆಯ ದಿನ ನೋಡಲು ಹೋದೆ. ಹಾಸಿಗೆಯ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹಳೇ ಟವೆಲ್‌ಗಳು. ಹೊಟ್ಟೆಯ ಸಣ್ಣ ತೂತುಗಳಿಂದ ತೆಳು ಕೆಂಪು ನೀರು ಸೋರುತ್ತಿತ್ತು. ಕೊಬ್ಬು ಎಳೆಯುವ ಮೊದಲು ಒಳಗೆ ಔಷಧಿ ಬೆರೆಸಿದ ಸಲೈನ್ ತುಂಬುತ್ತಾರಲ್ಲ, ಅದು. ಎದೆಯ ಕೆಳಗಿಂದ ತೊಡೆಯವರೆಗೆ ಬಿಗಿಯಾದ ಉಡುಪು. ಬಾತ್‌ರೂಮಿಗೆ ಹೋಗಬೇಕಾದರೆ ಚಿಕ್ಕಮ್ಮ ಕೂತು ಅದರ ಕೊಕ್ಕೆಗಳನ್ನು ಒಂದೊಂದಾಗಿ ಬಿಚ್ಚಬೇಕು. ಆರು ವಾರ ಹೀಗೇ. ಬಾವು ಪೂರ್ತಿ ಇಳಿಯಲು ಇನ್ನೂ ಎರಡು ತಿಂಗಳು ಹಿಡಿಯಿತು. ನಿಮ್ಮ ಮದುವೆಗೆ ಇರುವುದೇ ಮೂರು ತಿಂಗಳು.

ಶುಗರ್ ಬರಲ್ಲ ಅಂದವರು ಸುಳ್ಳು ಹೇಳಿದ್ದಾರೆ. 2004ರಲ್ಲಿ ಅಮೆರಿಕದ ಒಂದು ಅಧ್ಯಯನ ಪ್ರಕಟವಾಯಿತು. 15 ಜನ ದಪ್ಪಗಿನ ಹೆಂಗಸರಿಂದ ತಲಾ ಸುಮಾರು 10 ಕೆಜಿ ಕೊಬ್ಬು ತೆಗೆದಿದ್ದರು. ಎರಡೂವರೆ ಮೂರು ತಿಂಗಳ ಮೇಲೆ ಪರೀಕ್ಷಿಸಿದರೆ ಬಿಪಿ, ಶುಗರ್, ಕೊಲೆಸ್ಟ್ರಾಲ್ ಯಾವುದೂ ಸುಧಾರಿಸಿರಲಿಲ್ಲ. ಲೈಪೋಸಕ್ಷನ್‌ನಲ್ಲಿ ತೆಗೆಯುವುದು ಚರ್ಮದ ಕೆಳಗಿನ ಕೊಬ್ಬು. ಜಾಸ್ತಿ ತೊಂದರೆ ಕೊಡುವ ಕೊಬ್ಬು ಲಿವರ್, ಕರುಳಿನ ಸುತ್ತ ಇರುತ್ತದೆ. ಅದನ್ನು ಆ ನಳಿಕೆ ಮುಟ್ಟುವುದೂ ಇಲ್ಲ.

2000ದಲ್ಲಿ ಅಮೆರಿಕದ್ದೇ ಇನ್ನೊಂದು ಸಮೀಕ್ಷೆ ಸುಮಾರು 5 ಲಕ್ಷ ಲೈಪೋಸಕ್ಷನ್‌ಗಳಲ್ಲಿ 95 ಸಾವು ಲೆಕ್ಕ ಹಾಕಿತ್ತು. ಕಾರಣಗಳಲ್ಲಿ ಎಲ್ಲಕ್ಕಿಂತ ಮುಂದಿದ್ದದ್ದು, ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡದ್ದು. ಈಗ ವಿಧಾನ ಸುಧಾರಿಸಿದೆ, ನಿಜ. ಆದರೂ ಒಂದು ಮಾತು. ನಮ್ಮ ಹುಡುಗಿಯರು ಮುಹೂರ್ತಕ್ಕೆ ಅಡ್ಡ ಬರದಿರಲಿ ಅಂತ ಮುಟ್ಟು ಮುಂದೂಡುವ ಮಾತ್ರೆ ನುಂಗುತ್ತಾರೆ. ಹಾರ್ಮೋನ್ ಮಾತ್ರೆಗಳು ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸಬಲ್ಲವು. ಆ ಕ್ಲಿನಿಕ್‌ನವರು ಇದನ್ನು ನಿಮ್ಮ ಹತ್ತಿರ ಕೇಳಿದರಾ? ಕೇಳಿರದಿದ್ದರೆ ಅಲ್ಲಿಂದ ಎದ್ದು ಬನ್ನಿ. ಮಾಡುವವರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ (ಈಗಿನ ಹೆಸರು ಡಿಆರ್‌ಎನ್‌ಬಿ) ಎಂಬ ತಜ್ಞ ಪದವಿ ಓದಿದವರಾ, ಅರಿವಳಿಕೆ ವೈದ್ಯರು ಕೊನೆಯವರೆಗೂ ಪಕ್ಕದಲ್ಲಿರುತ್ತಾರಾ, ಉಸಿರು ಕಟ್ಟಿದರೆ ಐಸಿಯು ಎಲ್ಲಿದೆ ಅಂತಲೂ ಕೇಳಿ. ಉತ್ತರ ಹೇಳಲು ತಡವರಿಸಿದರೆ, ದುಡ್ಡು ಕಂತಿನಲ್ಲಿ ಕಟ್ಟಿ ಅಂತ ಅವರು ಕೊಡುವ ಫಾರ್ಮ್‌ಗೆ ಸಹಿ ಹಾಕಬೇಡಿ.

ಇನ್ನು ನಿಮ್ಮ ಭಾವೀ ಅತ್ತೆ. ಅವರ ಮಗನ ಹೊಟ್ಟೆ ನಿಮ್ಮ ಮನೆಯಲ್ಲಿ ಯಾರಾದರೂ ನೋಡಿದರಾ? ನೋಡಿದರೂ ಬಾಯಿ ಬಿಟ್ಟು ಹೇಳಿರಲ್ಲ. ನಮ್ಮ ಪತ್ರಿಕೆಗೆ ಬರುವ ವಧು-ವರ ಜಾಹೀರಾತುಗಳನ್ನು ನಾನೇ ಓದುತ್ತೇನೆ. ತೆಳ್ಳಗಿನ, ಬೆಳ್ಳಗಿನ ಹುಡುಗಿ ಬೇಕು ಅಂತಿರುತ್ತದೆ. ಹುಡುಗನ ಸಂಬಳ, ಸೈಟು ಮಾತ್ರ. ಆ ತೆಳ್ಳಗೆ, ಬೆಳ್ಳಗೆಗಳನ್ನು ನಾನು ಹೊಡೆದು ಹಾಕುತ್ತೇನೆ. ಜಗಳಕ್ಕೆ ಬಂದವರಿದ್ದಾರೆ, ಬರಲಿ. ಚೆನ್ನಾಗಿರುವ ಹುಡುಗಿಯೊಬ್ಬಳು ಒಂದು ಮಾತಿಗೆ ಹೆದರಿ ಆಪರೇಷನ್ ಟೇಬಲ್ ಮೇಲೆ ಮಲಗುತ್ತಾಳೆ ಅಂದರೆ ನನಗೆ ಹೊಟ್ಟೆ ಉರಿಯುತ್ತದೆ.

ಮದುವೆ ಬ್ಲೌಸ್ ಅಳತೆಗೆ ಕೊಟ್ಟಾಗ ನಿಮ್ಮಮ್ಮನೂ ಟೈಲರ್‌ಗೆ “ಒಳಗೆ ಒಂದೂವರೆ ಇಂಚು ಬಟ್ಟೆ ಬಿಡಪ್ಪ” ಅಂದಿರಬೇಕು, ಅಲ್ವಾ? ಹೆಣ್ಣಿನ ಮೈ ಹಿಗ್ಗುತ್ತೆ, ಕುಗ್ಗುತ್ತೆ ಅಂತ ಅವರಿಗೆ ಗೊತ್ತು. ಇವತ್ತು ರಾತ್ರಿ ಊಟ ಆದಮೇಲೆ ಅವರ ಪಕ್ಕ ಕೂತು, ನನಗೆ ಬರೆದದ್ದನ್ನೆಲ್ಲ ಅವರಿಗೂ ಹೇಳಿ.