ನೋಕಿಯಾ: ಗಿರಣಿ ಮೊದಲು, ಹೆಸರು ಆಮೇಲೆ

ಮಾನ್ಯರೇ,

ನೋಕಿಯಾ ಕಂಪನಿಯ ಹುಟ್ಟು ಮತ್ತು ಹೆಸರಿನ ಹಿನ್ನೆಲೆಯನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ಪೂರ್ತಿಯಾಗಿ ಓದಿದ್ದೇನೆ. ವಿಷಯದ ಆಯ್ಕೆ ಚೆನ್ನಾಗಿದೆ, ನಿಮ್ಮ ಆಸಕ್ತಿಯೂ ಪ್ರಾಮಾಣಿಕವಾಗಿದೆ. ಆದರೆ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾಗದು. ಕಾರಣಗಳನ್ನು ಮುಚ್ಚುಮರೆಯಿಲ್ಲದೆ ತಿಳಿಸುವುದು ನಿಮಗೆ ಹೆಚ್ಚು ಉಪಯೋಗವೆಂದು ಭಾವಿಸಿ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನಿಮ್ಮ ಮೊದಲ ವಾಕ್ಯ ಹೀಗಿದೆ: '1865ರಲ್ಲಿ ಫಿನ್ಲೆಂಡ್ ದೇಶದಲ್ಲಿ ನೋಕಿಯಾ ಎಂಬ ಕಾಗದದ ಕಂಪನಿ ಜನ್ಮ ತಾಳಿತು.' ಈ ಒಂದು ವಾಕ್ಯದಲ್ಲಿಯೇ ಹಲವು ಕಡೆ ಎಡವಿದ್ದೀರಿ. ಫಿನ್ಲೆಂಡ್ ಸ್ವತಂತ್ರವಾದದ್ದು 1917ರಲ್ಲಿ. ನೀವು ಹೇಳುವ ಕಾಲದಲ್ಲಿ ಅದು ರಷ್ಯಾದ ಚಕ್ರವರ್ತಿಯ ಆಳ್ವಿಕೆಗೆ ಒಳಪಟ್ಟ ಸ್ವಾಯತ್ತ ಪ್ರಾಂತವಾಗಿತ್ತು. ಗಣಿ ಎಂಜಿನಿಯರ್ ಫ್ರೆಡ್ರಿಕ್ ಇಡೆಸ್ಟಾಮ್ ಆ ವರ್ಷ ಆರಂಭಿಸಿದ ಗಿರಣಿ ಇದ್ದದ್ದು ಟಾಂಪೆರೆ ಊರಿನ ಟಾಮ್ಮೆರ್ಕೊಸ್ಕಿ ಎಂಬ ರಭಸದ ಹರಿವಿನ ದಡದಲ್ಲಿ, ನೋಕಿಯಾದಲ್ಲಿ ಅಲ್ಲ. ಅಲ್ಲಿ ತಯಾರಾಗುತ್ತಿದ್ದದ್ದು ಮರವನ್ನು ಅರೆದು ತೆಗೆದ, ಕಾಗದಕ್ಕೆ ಕಚ್ಚಾವಸ್ತುವಾಗುವ ತಿರುಳು. ಕೆಲವು ವರ್ಷಗಳ ಬಳಿಕ ಇಡೆಸ್ಟಾಮ್ ಅಲ್ಲಿಂದ ಸುಮಾರು 15 ಕಿಲೋಮೀಟರ್ ಪಶ್ಚಿಮಕ್ಕೆ, ನೋಕಿಯಾ ಎಂಬ ಸ್ಥಳದಲ್ಲಿ ನೋಕಿಯನ್‌ವಿರ್ತಾ ನದಿಯ ಬದಿಗೆ ಎರಡನೆಯ ಗಿರಣಿ ಕಟ್ಟಿದರು. 1871ರಲ್ಲಿ ಗೆಳೆಯ ಲಿಯೋ ಮೆಕೆಲಿನ್ ಜೊತೆಗೂಡಿ ಷೇರು ಕಂಪನಿ ಸ್ಥಾಪಿಸಿದಾಗ ಅದಕ್ಕೆ ಆ ಸ್ಥಳದ ಹೆಸರನ್ನೇ ಇಟ್ಟರು. ಗಿರಣಿಗೂ ಹೆಸರಿಗೂ ನಡುವೆ ಆರು ವರ್ಷಗಳ ಅಂತರವಿದೆ ಎಂಬ ಈ ಸಂಗತಿಯೇ ನಿಮ್ಮ ಲೇಖನದ ಪ್ರಾರಂಭವಾಗಬೇಕಿತ್ತು.

ನೋಕಿಯಾ ಎಂಬ ಪದದ ಅರ್ಥಕ್ಕೆ ನಾಲ್ಕು ಪ್ಯಾರಾಗಳು ಹೆಚ್ಚಾದವು. ಇಂದಿನ ಫಿನ್ನಿಶ್ ಭಾಷೆಯಲ್ಲಿ 'ನೋಕಿ' ಎಂದರೆ ಮಸಿ. ಆದರೆ ಊರಿನ ಹೆಸರು ಕಪ್ಪು ತುಪ್ಪಳದ ಸೇಬಲ್ ಎಂಬ ಪ್ರಾಣಿಯ ಹಳೆಯ ಹೆಸರಿನಿಂದ ಬಂದಿರಬಹುದು ಎಂಬ ಅಭಿಪ್ರಾಯವಿದೆ. ಅಭಿಪ್ರಾಯವನ್ನು ಅಭಿಪ್ರಾಯವೆಂದೇ ಬರೆದು ಮುಂದೆ ಸಾಗಿ.

ಲೇಖನದ ದೊಡ್ಡ ಕೊರತೆ ಇರುವುದು ನಡುಭಾಗದಲ್ಲಿ. 'ಕಾಲ ಬದಲಾದಂತೆ ಕಂಪನಿಯೂ ಬದಲಾಯಿತು' ಎಂಬ ಒಂದೇ ಸಾಲಿನಲ್ಲಿ ನೀವು ಕಾಗದದಿಂದ ಮೊಬೈಲಿಗೆ ಹಾರಿದ್ದೀರಿ. ಓದುಗ ತಿಳಿಯಲು ಬಯಸುವುದೇ ಆ ಎರಡರ ನಡುವೆ ನಡೆದದ್ದನ್ನು. ವಿದ್ಯುತ್ ಉತ್ಪಾದನೆಗೂ ಕೈಹಾಕಬೇಕೆಂಬುದು ಮೆಕೆಲಿನ್ ಅವರ ಇಚ್ಛೆಯಾಗಿತ್ತು, ಇಡೆಸ್ಟಾಮ್ ಅದಕ್ಕೆ ಒಪ್ಪಿರಲಿಲ್ಲ. ಅವರು ಹಿಂದೆ ಸರಿದು ಮೆಕೆಲಿನ್ ಅಧ್ಯಕ್ಷರಾದ ಮೇಲೆ, 1902ರಲ್ಲಿ ಕಂಪನಿ ವಿದ್ಯುತ್ ಉತ್ಪಾದಿಸತೊಡಗಿತು. ಆ ವಿದ್ಯುತ್ತಿನ ಆಕರ್ಷಣೆಯಿಂದ 1904ರಲ್ಲಿ ಫಿನ್ನಿಶ್ ರಬ್ಬರ್ ವರ್ಕ್ಸ್ ತನ್ನ ಕಾರ್ಖಾನೆಯನ್ನು ನೋಕಿಯಾದ ಬಳಿಗೆ ತಂದಿತು. ಮೊದಲ ಮಹಾಯುದ್ಧದ ನಂತರ ಹಣಕಾಸಿನ ಮುಗ್ಗಟ್ಟಿಗೆ ಸಿಕ್ಕಿದ ನೋಕಿಯಾವನ್ನು ಕೊಂಡದ್ದು ಇದೇ ರಬ್ಬರ್ ಕಂಪನಿ. 1912ರಲ್ಲಿ ಸ್ಥಾಪನೆಯಾಗಿದ್ದ ಫಿನ್ನಿಶ್ ಕೇಬಲ್ ವರ್ಕ್ಸ್ ಕೂಡ 1922ರಲ್ಲಿ ಅದರ ಒಡೆತನಕ್ಕೆ ಬಂತು. ಮೂರೂ ಒಂದೇ ಸಂಸ್ಥೆಯಾಗಿ ವಿಲೀನಗೊಂಡದ್ದು 1967ರಲ್ಲಿ, ಉಳಿದ ಹೆಸರು ನೋಕಿಯಾ.

ಫೋನಿನ ವಂಶಾವಳಿಯನ್ನು ನೀವು ತಿರುಳಿನ ಗಿರಣಿಗೆ ಜೋಡಿಸಿದ್ದೀರಿ. ಅದು ಜೋಡಣೆಯಾಗುವುದು ಕೇಬಲ್ ಕಾರ್ಖಾನೆಗೆ. ಎಲೆಕ್ಟ್ರಾನಿಕ್ಸ್ ವಿಭಾಗ 1960ರಲ್ಲಿ ಆರಂಭವಾದದ್ದು ಅಲ್ಲಿ, ಮತ್ತು ಅದು ತಯಾರಿಸಿದ ಮೊದಲ ಉಪಕರಣ ಪರಮಾಣು ಸ್ಥಾವರಗಳಲ್ಲಿ ಬಳಸುವ ಪಲ್ಸ್ ವಿಶ್ಲೇಷಕ, ಅಂದರೆ ವಿದ್ಯುತ್ ಮಿಡಿತಗಳನ್ನು ಅಳೆಯುವ ಸಾಧನ. 1979ರಲ್ಲಿ ಟೀವಿ ತಯಾರಕ ಸಲೋರಾ ಜೊತೆ ಮೊಬಿರಾ ಎಂಬ ಜಂಟಿ ಸಂಸ್ಥೆ ಹುಟ್ಟಿತು. 1982ರ ಕಾರ್ ಫೋನ್ 'ಮೊಬಿರಾ ಸೆನೇಟರ್', 1987ರ ಕೈಫೋನ್ 'ಮೊಬಿರಾ ಸಿಟಿಮನ್'. ಮಾರುಕಟ್ಟೆಗೆ ಬಂದ ಆ ಫೋನ್‌ಗಳ ಹೆಸರಿನ ಮುಂಚೂಣಿಯಲ್ಲಿ ನೋಕಿಯಾ ಇರಲಿಲ್ಲ ಎಂಬುದು ಹೆಸರಿನ ಕಥೆ ಹೇಳಹೊರಟ ಲೇಖಕರಿಗೆ ಅತ್ಯಂತ ಬೆಲೆಬಾಳುವ ವಿವರ. ನಿಮ್ಮ ಲೇಖನದಲ್ಲಿ ಮೊಬಿರಾ ಎಂಬ ಪದವೇ ಇಲ್ಲ. ಸುಮಾರು 800 ಗ್ರಾಂ ತೂಗುತ್ತಿದ್ದ ಆ ಸಿಟಿಮನ್ ಹಿಡಿದು ಸೋವಿಯತ್ ನಾಯಕ ಮಿಖಾಯಿಲ್ ಗೊರ್ಬಚೇವ್ ಹೆಲ್ಸಿಂಕಿಯಿಂದ ಮಾಸ್ಕೋಗೆ ಮಾತನಾಡಿದರು, ಜನ ಅದನ್ನು 'ಗೋರ್ಬಾ' ಎಂದೇ ಕರೆದರು. 'ಜಗತ್ತನ್ನೇ ಅಂಗೈಗೆ ತಂದ ಮಾಂತ್ರಿಕ ಸಂಸ್ಥೆ' ಎಂಬಂಥ ನಿಮ್ಮ ವಿಶೇಷಣಗಳನ್ನೆಲ್ಲ ಒಟ್ಟು ಸೇರಿಸಿದರೂ ಇಂಥ ಒಂದು ವಿವರದ ಶಕ್ತಿ ಅವುಗಳಿಗಿಲ್ಲ. ದಯವಿಟ್ಟು ಅವನ್ನು ತೆಗೆದುಹಾಕಿ.

2014ರಲ್ಲಿ ಫೋನ್ ವ್ಯವಹಾರ ಮೈಕ್ರೋಸಾಫ್ಟ್‌ಗೆ ಮಾರಾಟವಾದ ಪ್ರಸಂಗಕ್ಕೆ ನೀವು ಲೇಖನದ ಕಾಲುಭಾಗವನ್ನು ಕೊಟ್ಟಿದ್ದೀರಿ. ಅದು ಬೇರೊಂದು ಲೇಖನದ ವಸ್ತು. ಇಲ್ಲಿ ಬಿಟ್ಟುಬಿಡಿ, ಉಳಿಯುವ ಜಾಗವನ್ನು 1902ರಿಂದ 1967ರವರೆಗಿನ ಅವಧಿಗೆ ಬಳಸಿ. ತಿದ್ದಿದ ಪ್ರತಿಯನ್ನು ಓದಲು ನಾನು ಸಿದ್ಧನಿದ್ದೇನೆ. ಕಳುಹಿಸುವ ಮುನ್ನ ಹೆಸರುಗಳನ್ನು ಇನ್ನೊಮ್ಮೆ ನೋಡಿ: ಸ್ಥಾಪಕರು ಒಂದು ಪುಟದಲ್ಲಿ ಇಡೆಸ್ಟಾಮ್, ಮುಂದಿನ ಪುಟದಲ್ಲಿ ಐಡೆಸ್ಟಮ್ ಆಗಿದ್ದಾರೆ.

ಇಂತು,
ಸಂಪಾದಕ