ತೋಟದ ಸಾಲಿನೋ, ಊರಾಗಿನ ಸಾಲಿನೋ?

ಪ್ರಶ್ನೆ: ನಮ್ದು ಮುಧೋಳ ತಾಲೂಕಿನ ಸಣ್ಣ ಊರ್ರಿ, ನಾವ್ ಇರೋದು ತೋಟದಾಗ. ಮಗಳನ್ನ ಈ ಸಲ ಒಂದನೇ ಕ್ಲಾಸಿಗೆ ಹಚ್ಚಬೇಕು. ಮನಿ ಮಗ್ಗಲಕ್ಕ ತೋಟದ ಸಾಲಿ ಐತಿ, ಐದರ ತನಕ, ಮಕ್ಳು 41, ಟೀಚರ್ ಇಬ್ರೇ. ಊರಾಗಿನ ಸಾಲಿ ಎರಡೂವರಿ ಕಿಲೋಮೀಟರ್, ಎಂಟರ ತನಕ, ಸ್ಮಾರ್ಟ್ ಕ್ಲಾಸ್ ಬ್ಯಾರೆ ಐತಿ. ಎರಡೂ ಸರಕಾರಿನ. ಮಂದಿ ಎಲ್ಲಾ ಊರಾಗಿಂದಕ್ಕ ಕಳಸ್ರಿ ಅಂತಾರ, ಏನ್ ಮಾಡೂಣು?

ಉತ್ತರ: ಮೊದಲ ಆ ‘ಇಬ್ರೇ ಟೀಚರ್’ ಅನ್ನೋದಕ್ಕ ಹೆದರಬ್ಯಾಡ್ರಿ. ಆರ್‌ಟಿಇ, ಅಂದ್ರ ಶಿಕ್ಷಣ ಹಕ್ಕಿನ ಕಾಯ್ದೆದಾಗ ಒಂದರಿಂದ ಐದರ ತನಕ 60 ಮಕ್ಕಳಿಗೆ ಇಬ್ರೇ ಇರೋದು, 61 ಆದ್ರ ಮೂರನೇದವರು ಬರಬೇಕು. ಮತ್ತ ಒಂದರಿಂದ ಮೂರು ನಲಿ-ಕಲಿ ಅಂತ ಆಡ್ತಾ ಕಲಿಯೋ ಪದ್ಧತಿ, 1995ರಾಗ ಎಚ್.ಡಿ. ಕೋಟೆ ಕಡೆ ಶುರುವಾಗಿದ್ದು, ಅದರಾಗ ಮೂರೂ ಕ್ಲಾಸಿನ ಮಕ್ಕಳನ್ನ ಬೇಕಂತಲೇ ಒಂದೇ ಕೋಣ್ಯಾಗ ಕೂಡಸ್ತಾರ, ತನ್ನ ಪಾಠದ ಕಾರ್ಡ್ ಮುಗಿಸಿದ ಮಗು ಮುಂದಿನ ಮೆಟ್ಟಲಕ್ಕ ಹೋಗ್ತದ, ಉಳಿದಾವು ತಮ್ಮ ಪಾಡಿಗೆ ತಾವು. ಹಂಗಾಗಿ ಮೂರರ ತನಕ ಎರಡೂ ಸಾಲ್ಯಾಗ ಪದ್ಧತಿ ಅದ ಐತಿ. ತ್ರಾಸ ಇರೋದು ಬ್ಯಾರೆ ಕಡೆ: ಇಬ್ಬರಾಗ ಒಬ್ರು ಟ್ರೇನಿಂಗು, ಮೀಟಿಂಗು, ವೋಟರ್ ಲಿಸ್ಟಿನ ಕೆಲಸ ಅಂತ ಹೊಂಟ್ರ ಅವತ್ತು ಐದೂ ಕ್ಲಾಸು ಒಬ್ಬರ ಕೊರಳಿಗೆ ಬೀಳ್ತಾವ. ತಿಂಗಳದಾಗ ಹಂಗ ಎಷ್ಟ ದಿನ ಆಗ್ತದ ಅನ್ನೋದನ್ನ ನಾಕನೇ ಕ್ಲಾಸಿನ ಹುಡುಗ್ರನ್ನ ಕೇಳ್ರಿ, ಖರೆ ಹೇಳ್ತಾವ.

ಸ್ಮಾರ್ಟ್ ಕ್ಲಾಸ್ ವಿಷಯಕ್ಕ ಬಂದ್ರ, ರಾಯಬಾಗ ಕಡೆ ಒಂದ್ ಸಾಲಿಗೆ ಹೋಗಿದ್ದೆ, ಹೆಸರ ಬ್ಯಾಡ, ದೊಡ್ಡ ಟೀವಿ ಮ್ಯಾಲ ಹೂವಿನ ಡಿಸೈನಿನ ಟಾವೆಲ್ ಹೊಚ್ಚಿದ್ರು, ಖೋಲಿಗೆ ಕೀಲಿ, ಕೀಲಿ ಹೆಡ್‌ಮಾಸ್ತರ ಕಿಸೆದಾಗ, ಹೆಡ್‌ಮಾಸ್ತರು ತಾಲೂಕಿಗೆ. ಮಗ್ಗಲ ಖೋಲ್ಯಾಗ ಅಕ್ಕೋರು ಹುಣಸಿ ಬೀಜ ಹತ್ತತ್ತರ ಗುಂಪು ಮಾಡಿ, ದಶಕ ಬಿಚ್ಚಿ ಕಳಿಯೂದು ಹೇಳಿಕೊಡಾಕತ್ತಿದ್ರು, ಒಂದ್ ಹುಡುಗಿ ಬೀಜ ಬಾಯಾಗ ಹಾಕೊಂಡ್ ಬೈಸ್ಕೊಂಡ್ಳು ಅನ್ನೋದ್ ಬಿಟ್ರ ಎಲ್ಲರಿಗೂ ಲೆಕ್ಕ ತಿಳಿದಿತ್ತು. ಹಂಗಾಗಿ ಬಣ್ಣ, ಗೇಟು ನೋಡ್ಬ್ಯಾಡ್ರಿ. ವಾರದ ನಡುವ ಒಂದಿನ ಹನ್ನೊಂದಕ್ಕ ಎರಡೂ ಸಾಲಿಗೆ ಹೋಗ್ರಿ, ಟೀಚರ್ ಅನುಮತಿ ತಗೊಂಡು ನಾಕನೇತ್ತದ ಯಾವ್ದಾರ ಮಗುಗೆ ಕನ್ನಡ ಪುಸ್ತಕ ಕೊಟ್ಟು ಇನ್ನೂ ಕಲಿಸದ ಪಾಠ ಓದಸ್ರಿ, ಗೊತ್ತಾಗ್ತದ.

ಇನ್ನ ರಸ್ತಾ. ಕಬ್ಬಿನ ಸೀಸನ್ನದಾಗ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ನಡುವ ಆರ ವರ್ಷದ ಹುಡುಗಿನ ಎರಡೂವರಿ ಕಿಲೋಮೀಟರ್ ನಡಸೂದು ನನಗಂತೂ ಆಗಂಗಿಲ್ಲ.

ನನ್ನ ಮಾತು ಕೇಳಿದ್ರ ಐದರ ತನಕ ತೋಟದ ಸಾಲಿ. ಹೆಂಗೂ ಮೊರಾರ್ಜಿ, ಆದರ್ಶ, ನವೋದಯ ಈ ಸರಕಾರಿ ಸಾಲಿ ಎಲ್ಲಾ ಸೇರೂದು ಆರನೇತ್ತಕ್ಕ, ಪರೀಕ್ಷಾ ಐದರಾಗ ಇದ್ದಾಗ. ಅದು ಸಿಗಲಿಲ್ಲಂದ್ರ ಆಗ ಊರಾಗಿಂದಕ್ಕ ಹಾಕ್ರಿ. ಒಂದ ಮಾತು, ಅಡ್ಮಿಷನ್‌ಗಿಂತ ಮೊದಲ ಎಸ್‌ಡಿಎಂಸಿಯವರನ್ನ, ಅಂದ್ರ ಸಾಲಿ ಉಸ್ತುವಾರಿ ಕಮಿಟಿಯವರನ್ನ ಕೇಳ್ರಿ, ಇಬ್ಬರಾಗ ಯಾರದರ ಟ್ರಾನ್ಸ್‌ಫರ್ ಐತೇನು ಅಂತ. ಇದ್ದು, ಆ ಜಾಗಕ್ಕ ಅತಿಥಿ ಶಿಕ್ಷಕರೂ ಬರಂಗಿಲ್ಲಂದ್ರ, ಊರಿಗೆ ಹೋಗೂ ಮಕ್ಕಳ ಜೋಡಿ ಆಟೋ ಮಾತಾಡ್ರಿ.