ಸ್ಲೀವ್ ಆಪರೇಷನ್ ಆಗಿ ಎರಡು ವರ್ಷಕ್ಕೆ ಮತ್ತೆ ಏರಿದ ತೂಕ

ವಯಸ್ಸು 38, ವೈಟ್‌ಫೀಲ್ಡ್‌ನ ಕಂಪನಿಯೊಂದರಲ್ಲಿ ಕೆಲಸ. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.) ಜಠರದ ಬಹುಭಾಗ ತೆಗೆದು ಕಿರಿದಾದ ಕೊಳವೆಯಷ್ಟನ್ನೇ (ಸ್ಲೀವ್) ಉಳಿಸುವ ಆಪರೇಷನ್‌ಗೆ ಮೊದಲು 112 ಕೆಜಿ ಇದ್ದವರು 78ಕ್ಕೆ ಇಳಿದಿದ್ದರು, ಈಗ 84. "ಹೊಟ್ಟೆ ಮತ್ತೆ ಹಿಗ್ಗಿಬಿಟ್ಟಿದೆ ಮೇಡಂ, ಇನ್ನೊಂದು ಆಪರೇಷನ್ ಮಾಡಿಸ್ಬೇಕೇನೋ" ಅಂತಲೇ ಮಾತು ಶುರು ಮಾಡಿದರು.

ಒಂದು ಚಪಾತಿ, ಅರ್ಧ ಬಟ್ಟಲು ಪಲ್ಯಕ್ಕೆ ಹೊಟ್ಟೆ ತುಂಬುತ್ತದೆ ಎಂದರು. ಹಾಗಿದ್ದರೆ ಸ್ಲೀವ್ ಕೆಲಸ ಮಾಡುತ್ತಲೇ ಇದೆ. ಊಟದ ಬದಲು ಗಂಟೆಗಳ ಲೆಕ್ಕ ಬರೆಸಿದಾಗ ವಿಷಯ ಹೊರಬಿತ್ತು. ಅಮೆರಿಕದವರ ಜೊತೆ ಕಾಲ್ ಮುಗಿಯುವುದು ರಾತ್ರಿ 1ಕ್ಕೆ, ಮಲಗುವುದು 2ಕ್ಕೆ, ಮಗಳ ಸ್ಕೂಲ್ ವ್ಯಾನಿಗೆಂದು ಏಳುವುದು 6:30ಕ್ಕೆ. ಕಾಲ್ ನಡುವೆ ಕಾಫಿ, ನಿಪ್ಪಟ್ಟು, ಚಕ್ಕುಲಿ.

ಮೊಟ್ಟೆ, ಪನೀರ್, ಕಾಳು ಸ್ಲೀವ್‌ನಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತವೆ, ಬೇಗ ಸಾಕೆನಿಸುತ್ತದೆ. ನಿಪ್ಪಟ್ಟು ಬಾಯಲ್ಲೇ ಪುಡಿಯಾಗಿ ಕಾಫಿಯ ಜೊತೆ ಜಾರಿಹೋಗುತ್ತದೆ. ಎಷ್ಟು ತಿಂದರೂ ತಡೆಯಿಲ್ಲ. ಹಸಿವಿನ ಹಾರ್ಮೋನು ಗ್ರೆಲಿನ್ ಹೆಚ್ಚಾಗಿ ತಯಾರಾಗುವ ಭಾಗವನ್ನು ಸ್ಲೀವ್‌ನಲ್ಲಿ ತೆಗೆದಿರುತ್ತಾರೆ, ನಿಜ. ಆದರೆ ನಿದ್ದೆಗೆಟ್ಟ ಬಾಯಿಗೆ ಹಸಿವೇ ಆಗಬೇಕೆಂದಿಲ್ಲ.

ಸ್ಲೀಪ್ ಆಪ್ನಿಯಾಗೆ (ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ತೊಂದರೆ) ಹಾಕುತ್ತಿದ್ದ ಸಿಪ್ಯಾಪ್, ಅಂದರೆ ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ ಯಂತ್ರ, ಅಟ್ಟ ಸೇರಿತ್ತು. ಮುಖ ಇಳಿದಂತೆ ಮಾಸ್ಕ್ ಸಡಿಲವಾಗಿ ಗಾಳಿ ಸೋರುತ್ತಿತ್ತು, ಗಾಳಿಯ ಹಳೆಯ ಒತ್ತಡ ಈಗ ಜಾಸ್ತಿ ಅನಿಸುತ್ತಿತ್ತು. "ಗೊರಕೆ ನಿಂತಿದೆಯಲ್ಲ" ಎಂದು ಯಜಮಾನರ ಸರ್ಟಿಫಿಕೇಟ್ ಬೇರೆ. ಗೊರಕೆ ತಗ್ಗಿದ ಮಾತ್ರಕ್ಕೆ ಆಪ್ನಿಯಾ ಹೋಯಿತು ಎನ್ನಲಾಗದು. ಮತ್ತೆ ಸ್ಲೀಪ್ ಸ್ಟಡಿ (ನಿದ್ದೆಯಲ್ಲಿನ ಉಸಿರಾಟದ ಪರೀಕ್ಷೆ) ಮಾಡಿಸಿ ಒತ್ತಡ, ಮಾಸ್ಕ್ ಅಳತೆ ಎರಡನ್ನೂ ಬದಲಿಸಿಕೊಳ್ಳಲು ಕಳಿಸಿದೆ. ಅವರು ಕೇಳಿದ ನಿದ್ದೆ ಮಾತ್ರೆಗೆ ಬೇಡ ಎಂದೆ. ಚಿಕಿತ್ಸೆಯಿಲ್ಲದ ಆಪ್ನಿಯಾ ಇದ್ದರೆ ಕೆಲವು ಮಾತ್ರೆಗಳಿಂದ ಉಸಿರಾಟ ಇನ್ನೂ ಕೆಡುತ್ತದೆ.

ಮಲಗಿದ ಕೂಡಲೇ ಕಾಲೊಳಗೆ ಏನೋ ಹರಿದಾಡಿದಂತಾಗಿ, ಆಡಿಸದೆ ಇರಲಾಗದು ಎಂದದ್ದು ಹೊರಡುವ ಹೊತ್ತಿಗೆ. ಇದನ್ನು ಕೇಳದಿದ್ದರೆ ಯಾರೂ ಹೇಳುವುದಿಲ್ಲ. ದೇಹದಲ್ಲಿ ಕಬ್ಬಿಣ ಕಡಿಮೆಯಾದರೂ ಕಾಲು ಹೀಗೆ ಚಡಪಡಿಸಬಹುದು. ವೈದ್ಯರು ಬರೆದ ಪರೀಕ್ಷೆಯಲ್ಲಿ ಫೆರಿಟಿನ್ (ಕಬ್ಬಿಣದ ಸಂಗ್ರಹದ ಅಳತೆ) 14 ಬಂತು, ಅಂದರೆ ಕಡಿಮೆ. ಕಬ್ಬಿಣದ ಮಾತ್ರೆಯನ್ನು ಕ್ಯಾಲ್ಸಿಯಂ ಜೊತೆಗೇ ಕಾಫಿಯಲ್ಲಿ ನುಂಗುತ್ತಿದ್ದರು. ಎರಡಕ್ಕೂ ನಡುವೆ ಕನಿಷ್ಠ 2 ಗಂಟೆ ಬಿಡಿ, ಕಬ್ಬಿಣದ ಆಸುಪಾಸು ಕಾಫಿ, ಟೀ ಬೇಡ ಎಂದೆ. ಡೋಸ್ ವೈದ್ಯರದ್ದು.

ಉಳಿದದ್ದು ಹೀಗೆ: ವ್ಯಾನ್ ಹತ್ತಿಸುವ ಕೆಲಸ ಯಜಮಾನರಿಗೆ. ಮಲಗುವುದು 1:15, ಏಳುವುದು 8:15, ಭಾನುವಾರವೂ ಅದೇ. ಸಂಜೆ 5ರ ನಂತರ ಕಾಫಿ ಇಲ್ಲ. ಊಟ 8:30ಕ್ಕೆ, 10:30ಕ್ಕೆ ಬೇಯಿಸಿದ ಮೊಟ್ಟೆ ಒಂದು ಅಥವಾ ಅರ್ಧ ಕಪ್ ಗಟ್ಟಿ ಮೊಸರು, ಆಮೇಲೆ ನೀರು ಮಾತ್ರ. ತಿಂದು ಕೂಡಲೇ ಮಲಗಿದರೆ ಸ್ಲೀವ್ ಆದವರಿಗೆ ಹುಳಿ ಮೇಲೇರುವುದು ಹೆಚ್ಚು. ನಿಪ್ಪಟ್ಟಿನ ಡಬ್ಬ ಮನೆಯಲ್ಲಿರಲಿ, ಲ್ಯಾಪ್‌ಟಾಪ್ ಪಕ್ಕ ಬೇಡ.

ಮೂರು ತಿಂಗಳಿಗೆ 84 ಇದ್ದದ್ದು 82 ಆಗಿದೆ. ಎರಡನೇ ಆಪರೇಷನ್ ಮಾತು ಸದ್ಯಕ್ಕೆ ಬಿಟ್ಟಿದ್ದಾರೆ. ಭಾನುವಾರದ 8:15 ಮಾತ್ರ ಇನ್ನೂ ಕೈಗೂಡಿಲ್ಲ.